ಟಿಫ್, ಪಿಎನ್‌ಜಿ ಬಿಟ್ಟು ಜೆಪೆಗ್ ಎಕ್ಸ್‌ಎಲ್‌ಗೆ ಹೋಗ್ಬಹುದಾ? ಹಳೇ ಪತ್ರಿಕೆ ಸ್ಕ್ಯಾನ್ ಮಾಡೋರಿಗೆ ಉತ್ತರ

ಪ್ರಶ್ನೆ: ಸರ್, ನಮ್ಮೂರಿನ ಹಳೇ ವಾಚನಾಲಯದಲ್ಲಿ 1950-60ರ ದಶಕದ ವಾರಪತ್ರಿಕೆಗಳು, ನಾಟಕ ಕಂಪನಿ ಹ್ಯಾಂಡ್‌ಬಿಲ್‌ಗಳು, ಒಂದಷ್ಟು ಗ್ರಾಮನಕ್ಷೆಗಳಿವೆ. ನಾವು ನಾಲ್ಕೈದು ಜನ ಸೇರಿ ಎಲ್ಲಾನೂ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ ಟಿಫ್‌ನಲ್ಲಿ ಇಡ್ತಿದೀವಿ, ಕೆಲವು ಪಿಎನ್‌ಜಿಯಲ್ಲೂ ಇವೆ. 4 ಟಿಬಿ ಡಿಸ್ಕ್ ತುಂಬ್ತಾ ಬಂತು. ಒಬ್ರು ಎಲ್ಲಾ ಜೆಪೆಗ್ ಎಕ್ಸ್‌ಎಲ್ ಅನ್ನೋ ಹೊಸ ಚಿತ್ರ ಫಾರ್ಮ್ಯಾಟಿಗೆ ಹಾಕಿ ಅಂತಾರೆ, ಇನ್ನೊಬ್ರು ಹೊಸ ಫಾರ್ಮ್ಯಾಟ್ ನಂಬ್ಬೇಡಿ, ಪಿಎನ್‌ಜಿನೇ ಸಾಕು ಅಂತಾರೆ. ಶುರುವಿನಲ್ಲಿ ಮಾಡಿದ ಸ್ಕ್ಯಾನ್‌ಗಳು ಜೆಪಿಜಿಯಲ್ಲಿವೆ, ಅವನ್ನ ಪಿಎನ್‌ಜಿ ಮಾಡಿಟ್ರೆ ಒಳ್ಳೇದಾ?

ಉತ್ತರ: ನೀವು ಮಾಡ್ತಿರೋದು ತುಂಬಾ ದೊಡ್ಡ ಕೆಲಸ, ಆ ಹ್ಯಾಂಡ್‌ಬಿಲ್‌ಗಳು ಇನ್ನೆಲ್ಲೂ ಸಿಗದೇ ಇರಬಹುದು, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ. ನೇರ ಉತ್ತರ ಮೊದ್ಲೇ ಹೇಳಿಬಿಡ್ತೀನಿ. ಜೆಪೆಗ್ ಎಕ್ಸ್‌ಎಲ್‌ಗೆ ಹೋಗಿ, ಆದ್ರೆ ನಿಮ್ಮ ಡಿಸ್ಕಲ್ಲಿ ಇಡೋ ಮೂಲಪ್ರತಿಗೆ ಮಾತ್ರ, ಜನಕ್ಕೆ ಕೊಡೋ ಕಾಪಿ ಬೇರೆ ಫಾರ್ಮ್ಯಾಟಲ್ಲೇ ಇರಲಿ. ಒಂದೊಂದು ಫೈಲೂ ಪಿಕ್ಸೆಲ್‌ಗೆ ಪಿಕ್ಸೆಲ್ ಸರಿಯಾಗಿದೆ ಅಂತ ಮೆಷಿನ್ನಿಂದಲೇ ಚೆಕ್ ಮಾಡಿಸೋವರೆಗೂ ಹಳೇದನ್ನ ಅಳಿಸ್ಬೇಡಿ. ಜೆಪಿಜಿಗಳನ್ನ ಮಾತ್ರ ದಯವಿಟ್ಟು ಪಿಎನ್‌ಜಿ ಮಾಡ್ಬೇಡಿ, ಯಾಕೆ ಅಂತ ಕೆಳಗೆ ಹೇಳ್ತೀನಿ.

ನಿಮ್ಮಲ್ಲಿ ಇಬ್ಬರ ನಡುವೆ ನಡೀತಿರೋ ವಾದ ಇದೆಯಲ್ಲ, ಅದು ಅರ್ಧ ಕರಗಿಹೋಗೋದು ಲಾಸ್‌ಲೆಸ್ ಅಂದ್ರೇನು ಅಂತ ಗಟ್ಟಿಯಾಗಿ ಹಿಡ್ಕೊಂಡ್ರೆ. ಸ್ಕ್ಯಾನರ್ ಕೊಟ್ಟ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಅಂತ ಮೂರು ಸಂಖ್ಯೆ. ಲಾಸ್‌ಲೆಸ್ ಫಾರ್ಮ್ಯಾಟ್ ಆ ಸಂಖ್ಯೆಗಳನ್ನ ಹೇಗಾದ್ರೂ ಮಡಚಿಡಲಿ, ತೆರೆದಾಗ ಅವೇ ಸಂಖ್ಯೆ ವಾಪಸ್ ಬರಲೇಬೇಕು, ಒಂದೂ ಹೆಚ್ಚುಕಮ್ಮಿ ಆಗೋ ಹಾಗಿಲ್ಲ. ಟಿಫ್‌ನಿಂದ ಪಿಎನ್‌ಜಿ, ಅಲ್ಲಿಂದ ಜೆಪೆಗ್ ಎಕ್ಸ್‌ಎಲ್, ಮತ್ತೆ ವಾಪಸ್ ಪಿಎನ್‌ಜಿ ಅಂತ ಎಷ್ಟು ಸಲ ತಿರುಗಿಸಿದ್ರೂ ಚಿತ್ರ ಸವೆಯಲ್ಲ. ಹಾಗಾಗಿ ಇವತ್ತು ಆರಿಸಿಕೊಂಡ ಫಾರ್ಮ್ಯಾಟ್ ಇಪ್ಪತ್ತು ವರ್ಷ ಆದ್ಮೇಲೆ ಯಾರೂ ಬಳಸದೇ ಹೋದ್ರೂ ಆಗ ಇನ್ನೊಂದಕ್ಕೆ ಎತ್ತಿ ಹಾಕ್ಬಹುದು, ಒಂದು ಪಿಕ್ಸೆಲ್ಲೂ ಕಳ್ಕೊಳ್ದೆ. ಹೊಸ ಫಾರ್ಮ್ಯಾಟ್ ಅಂದ ತಕ್ಷಣ ಹೆದರೋದು ಬೇಡ ಅಂತ ನಾನು ಹೇಳೋದು ಇದಕ್ಕೇ. ಹೆದರಬೇಕಾದ್ದು ಕನ್ವರ್ಟ್ ಮಾಡೋವಾಗ ಗೊತ್ತಿಲ್ದೇ ಲಾಸಿ (ಪಿಕ್ಸೆಲ್ ಮಾಹಿತಿ ಸ್ವಲ್ಪ ಎಸೆದು ಚಿಕ್ಕದು ಮಾಡೋದು) ಆಗಿಬಿಡೋದಕ್ಕೆ, ಆ ಜಾಗಗಳು ಬಹಳ ಇವೆ.

ನಿಮ್ಮ ಡಿಸ್ಕ್ ಯಾಕೆ ತುಂಬ್ತಿದೆ ಅಂತ ಲೆಕ್ಕ ನೋಡೋಣ. ಎ4 ಪುಟ 600 ಡಿಪಿಐನಲ್ಲಿ 4960 ಅಗಲ, 7016 ಎತ್ತರ, ಹತ್ತಿರ ಹತ್ತಿರ 3.5 ಕೋಟಿ ಪಿಕ್ಸೆಲ್. ಒಂದಕ್ಕೆ ಮೂರು ಬೈಟ್ ಅಂದ್ರೆ ಕಂಪ್ರೆಸ್ ಮಾಡದ ಟಿಫ್ ಒಂದು ಪುಟಕ್ಕೆ ಸುಮಾರು 104 ಎಂಬಿ. ಸ್ಕ್ಯಾನರ್ ಸಾಫ್ಟ್‌ವೇರ್‌ನಲ್ಲಿ 48 ಬಿಟ್ ಕಲರ್ (ಒಂದು ಬಣ್ಣಕ್ಕೆ 8ರ ಬದಲು 16 ಬಿಟ್) ಅಂತ ಆರಿಸಿದ್ರೆ ಅದರ ಎರಡರಷ್ಟು. 4 ಟಿಬಿಯಲ್ಲಿ 38 ಸಾವಿರ ಪುಟ ಹಿಡಿಯುತ್ತೆ, ಅದೂ ಬ್ಯಾಕಪ್ ಲೆಕ್ಕಕ್ಕೆ ತಗೊಳ್ದೆ.

ಟಿಫ್ ವಿಷಯ ಬೇಗ ಮುಗಿಸ್ತೀನಿ. 1986ರಲ್ಲಿ ಆಲ್ಡಸ್ ಕಂಪನಿ ಶುರು ಮಾಡಿದ್ದು, ಇವತ್ತಿಗೂ ಎಲ್ಲರೂ ಆಧಾರ ಇಟ್ಕೊಂಡಿರೋ 6.0 ಆವೃತ್ತಿ ಬಂದಿದ್ದು 1992ರಲ್ಲಿ. ಅದರೊಳಗೆ ಕಂಪ್ರೆಸ್ ಮಾಡದ ಡೇಟಾ ಇರಬಹುದು, ಎಲ್‌ಝಡ್‌ಡಬ್ಲ್ಯು ಇಲ್ಲಾ ಡಿಫ್ಲೇಟ್ ಅನ್ನೋ ಲಾಸ್‌ಲೆಸ್ ಕಂಪ್ರೆಸ್ ವಿಧಾನ ಇರಬಹುದು, ಜೆಪೆಗ್ ಕೂಡ ಇರಬಹುದು, ಹೆಸರು ನೋಡಿ ಏನೂ ಹೇಳಕ್ಕಾಗಲ್ಲ. ಸ್ಕ್ಯಾನ್ ಸೆಟ್ಟಿಂಗಲ್ಲಿ ಎಲ್‌ಝಡ್‌ಡಬ್ಲ್ಯು ಆನ್ ಮಾಡಿದ್ರೆ 8 ಬಿಟ್ ಚಿತ್ರದಲ್ಲಿ ಸ್ವಲ್ಪ ಜಾಗ ಉಳಿಯುತ್ತೆ, 16 ಬಿಟ್ ಚಿತ್ರದಲ್ಲಿ ಎಷ್ಟೋ ಸಲ ಫೈಲ್ ಚಿಕ್ಕದಾಗೋ ಬದಲು ದೊಡ್ಡದೇ ಆಗುತ್ತೆ, ಯಾಕಂದ್ರೆ ಪ್ರತಿ ಸಂಖ್ಯೆಯ ಕೆಳಗಿನ ಬೈಟ್ ಪೂರ್ತಿ ನಾಯ್ಸ್ (ಸ್ಕ್ಯಾನರಿಂದ ಸೇರೋ ಅಡ್ಡಾದಿಡ್ಡಿ ಏರಿಳಿತ) ಆಗಿರುತ್ತೆ, ಅದರಲ್ಲಿ ಮರುಕಳಿಸೋದು ಏನೂ ಸಿಗಲ್ಲ. ಇನ್ನೊಂದು, ಮಾಮೂಲಿ ಟಿಫ್ 4 ಜಿಬಿ ದಾಟಲ್ಲ, ಒಳಗಿನ ವಿಳಾಸಗಳು 32 ಬಿಟ್. ಸಂಚಿಕೆ ಪೂರ್ತಿ ಒಂದೇ ಟಿಫ್‌ನಲ್ಲಿ ಇಡೋಣ ಅಂತ ಹೊರಟ್ರೆ ನಿಮ್ಮ 104 ಎಂಬಿ ಲೆಕ್ಕದಲ್ಲಿ ನಲವತ್ತು ಚಿಲ್ಲರೆ ಪುಟಕ್ಕೇ ನಿಂತ್ಹೋಗುತ್ತೆ. ಬಿಗ್‌ಟಿಫ್ ಅಂತ ಒಂದಿದೆ, ಅದಕ್ಕೆ ಈ ಮಿತಿ ಇಲ್ಲ, ಆದ್ರೆ ಎಲ್ಲಾ ಸಾಫ್ಟ್‌ವೇರೂ ಅದನ್ನ ತೆರೆಯಲ್ಲ.

ಇನ್ನು ಪಿಎನ್‌ಜಿ. ಇದರ ಮೇಲೆ ನಂಗೆ ನಿಜವಾದ ಗೌರವ ಇದೆ. 1994ರ ಕೊನೇಲಿ ಜಿಫ್ ಅನ್ನೋ ಹಳೇ ಚಿತ್ರ ಫಾರ್ಮ್ಯಾಟ್ ಒಳಗಿದ್ದ ಎಲ್‌ಝಡ್‌ಡಬ್ಲ್ಯು ಪೇಟೆಂಟಿಗೆ ಯೂನಿಸಿಸ್ ಕಂಪನಿ ದುಡ್ಡು ಕೇಳಕ್ಕೆ ಶುರು ಮಾಡಿದಾಗ, 1995ರ ಆರಂಭದಲ್ಲಿ ಥಾಮಸ್ ಬೌಟೆಲ್ ಮತ್ತೆ ಇಂಟರ್ನೆಟ್ಟಲ್ಲೇ ಸೇರ್ಕೊಂಡ ಒಂದು ಗುಂಪು ಯಾರಿಗೂ ದುಡ್ಡು ಕೊಡಬೇಕಾಗಿಲ್ಲದ ಫಾರ್ಮ್ಯಾಟ್ ಮಾಡ್ತೀವಿ ಅಂತ ಹೊರಟ್ರು, 1996ರ ಅಕ್ಟೋಬರ್‌ಗೆ ಅದು ಡಬ್ಲ್ಯು3ಸಿ ಅನ್ನೋ ವೆಬ್ ಸ್ಟ್ಯಾಂಡರ್ಡ್ ಸಂಸ್ಥೆಯ ಶಿಫಾರಸು ಆಯ್ತು. ಜಿಫ್‌ನ 256 ಬಣ್ಣದ ಮಿತಿ ಹೋಯ್ತು, ಅರೆಪಾರದರ್ಶಕತೆ ಬಂತು, 16 ಬಿಟ್ ಬಂತು, ಫೈಲಿನ ಪ್ರತಿ ತುಂಡಿಗೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯಾ ಅಂತ ಹೇಳೋ ಸಂಖ್ಯೆ) ಬಂತು. ಆದ್ರೆ ಪೇಟೆಂಟ್ ಭಯದಲ್ಲೇ ಹುಟ್ಟಿದ್ದರಿಂದ ಅವರು ಜಿಪ್ ಫೈಲಲ್ಲಿ ಇರೋ ಡಿಫ್ಲೇಟನ್ನೇ ಆರಿಸ್ಕೊಂಡ್ರು. ಅರಿತ್ಮೆಟಿಕ್ ಕೋಡಿಂಗ್‌ನಂಥ ಇನ್ನೂ ಚೆನ್ನಾಗಿ ಒತ್ತೋ (ಕಂಪ್ರೆಸ್ ಮಾಡೋ) ವಿಧಾನಗಳ ಸುತ್ತ ಆಗ ಪೇಟೆಂಟ್‌ಗಳೇ ತುಂಬಿದ್ವು, ಜೊತೆಗೆ ಆಗಿನ ಕಂಪ್ಯೂಟರ್‌ಗಳಲ್ಲಿ ಮೆಮೊರಿಯೂ ಕಮ್ಮಿ. ಆಗ ಅದು ಸರಿಯಾದ ನಿರ್ಧಾರ. 2025ರ ಜೂನ್‌ನಲ್ಲಿ, 2003ರ ಎರಡನೇ ಆವೃತ್ತಿ ಬಂದು ಸುಮಾರು 22 ವರ್ಷ ಆದ್ಮೇಲೆ, ಪಿಎನ್‌ಜಿಯ ಮೂರನೇ ಆವೃತ್ತಿ ಬಂತು, ಎಚ್‌ಡಿಆರ್ (ಹೆಚ್ಚಿನ ಬೆಳಕಿನ ವ್ಯಾಪ್ತಿ), ಅನಿಮೇಶನ್, ಎಕ್ಸಿಫ್ (ಫೋಟೋ ಜೊತೆಗಿನ ಮಾಹಿತಿ) ಎಲ್ಲಾ ಅಧಿಕೃತ ಆಯ್ತು, ಆದ್ರೆ ಒತ್ತೋ ವಿಧಾನ ಮಾತ್ರ 1996ರದ್ದೇ. ಅದನ್ನ ಮುಟ್ಟಿದ್ರೆ ಜಗತ್ತಿನ ಯಾವ ಹಳೇ ಸಾಫ್ಟ್‌ವೇರೂ ಹೊಸ ಪಿಎನ್‌ಜಿ ತೆರೆಯಲ್ಲ.

ಆ ವಿಧಾನ ನಿಮ್ಮ ಒಂದು ಪುಟದ ಮೇಲೆ ಹೇಗೆ ಕೆಲಸ ಮಾಡುತ್ತೆ ಅಂತ ಹತ್ತಿರದಿಂದ ನೋಡಿ. ಪಿಎನ್‌ಜಿ ಚಿತ್ರವನ್ನ ಅಡ್ಡಸಾಲಾಗಿ ಓದುತ್ತೆ. ಪ್ರತಿ ಸಾಲಿಗೂ ಐದು ಫಿಲ್ಟರಲ್ಲಿ ಒಂದನ್ನ ಆರಿಸುತ್ತೆ, ಎಡದ ಪಿಕ್ಸೆಲ್ ನೋಡಿ ಊಹಿಸೋದು, ಮೇಲಿನದನ್ನ ನೋಡಿ ಊಹಿಸೋದು, ಎರಡರ ಸರಾಸರಿ, ಪೇತ್ ಅನ್ನೋರ ಹೆಸರಿನ ಒಂದು ಜಾಣ ಲೆಕ್ಕ, ಇಲ್ಲಾ ಏನೂ ಮಾಡ್ದೇ ಹಾಗೇ ಬಿಡೋದು. ಊಹೆಗೂ ನಿಜಕ್ಕೂ ಇರೋ ವ್ಯತ್ಯಾಸವನ್ನ ಡಿಫ್ಲೇಟ್‌ಗೆ ಕೊಡುತ್ತೆ. ತೊಂದರೆ ಏನಂದ್ರೆ 4960 ಪಿಕ್ಸೆಲ್ ಉದ್ದದ ಸಾಲಿಗೆ ಒಂದೇ ಫಿಲ್ಟರ್. ನಿಮ್ಮ ವಾರಪತ್ರಿಕೆಯ ಒಂದು ಪುಟದಲ್ಲಿ ಎಡಕ್ಕೆ ಖಾಲಿ ಮಾರ್ಜಿನ್, ಆಮೇಲೆ ಅಕ್ಷರದ ಕಾಲಂ, ಬಲಕ್ಕೆ ಚುಕ್ಕಿ ಚುಕ್ಕಿಯಾಗಿ ಅಚ್ಚಾದ ಫೋಟೋ, ಈ ಮೂರಕ್ಕೂ ಬೇರೆ ಬೇರೆ ಊಹೆ ಬೇಕು, ಪಿಎನ್‌ಜಿ ಮೂರಕ್ಕೂ ಸೇರಿಸಿ ಒಂದನ್ನೇ ಕೊಡುತ್ತೆ.

ಎರಡನೇದು ಬಣ್ಣ. ಹಳದಿ ತಿರುಗಿದ ಕಾಗದದ ಒಂದು ಪಿಕ್ಸೆಲ್ ಕೆಂಪು 232, ಹಸಿರು 214, ನೀಲಿ 176 ಅಂತ ಇಟ್ಕೊಳ್ಳಿ, ಪಕ್ಕದ್ದು 229, 211, 173. ಕಾಗದ ಅಲ್ಲಿ ಸ್ವಲ್ಪ ಮಬ್ಬು ಅಷ್ಟೇ, ಮೂರು ಬಣ್ಣಾನೂ ಒಟ್ಟಿಗೆ ಮೂರು ಮೂರು ಇಳಿದಿದೆ, ಕೈ ಹಿಡ್ಕೊಂಡು ಮೆಟ್ಟಿಲು ಇಳಿಯೋ ಮೂರು ಜನರ ಹಾಗೆ. ಪಿಎನ್‌ಜಿಗೆ ಇದು ಕಾಣಲ್ಲ, ಅದು ಮೂರು ಬಣ್ಣವನ್ನೂ ಬೇರೆ ಬೇರೆಯಾಗೇ ನೋಡಿ ಮೈನಸ್ 3, ಮೈನಸ್ 3, ಮೈನಸ್ 3 ಅಂತ ಮೂರು ಸಲ ಬರ್ಕೊಳ್ಳುತ್ತೆ. ಹೊಸ ಫಾರ್ಮ್ಯಾಟ್‌ಗಳು ಮೊದಲು ಕೆಂಪಿನಿಂದ, ನೀಲಿಯಿಂದ ಹಸಿರನ್ನ ಕಳೆದುಬಿಡ್ತಾವೆ, ಆಗ ಉಳಿಯೋದು ಮೈನಸ್ 3, ಸೊನ್ನೆ, ಸೊನ್ನೆ. ಹಳೇ ಕಾಗದದ ಸ್ಕ್ಯಾನಲ್ಲಿ ಇಂಥ ಪಿಕ್ಸೆಲ್‌ಗಳೇ ಕೋಟಿಗಟ್ಟಲೆ, ಹಾಗಾಗಿ ನಿಮ್ಮಂಥ ಸಂಗ್ರಹದಲ್ಲಿ ಉಳಿತಾಯದ ದೊಡ್ಡ ಭಾಗ ಬರೋದು ಇದರಿಂದಲೇ.

ಮೂರನೇದು ನೆನಪಿನ ಉದ್ದ. ಡಿಫ್ಲೇಟ್ ಹಿಂದೆ ತಿರುಗಿ ನೋಡೋದು 32 ಕೆಬಿ ಮಾತ್ರ. ನಿಮ್ಮ ಪುಟದ ಒಂದು ಪಿಕ್ಸೆಲ್ ಸಾಲೇ 14,880 ಬೈಟ್, ಅಂದ್ರೆ ಅದಕ್ಕೆ ನೆನಪಿರೋದು ಎರಡು ಸಾಲು ಚಿಲ್ಲರೆ. 600 ಡಿಪಿಐನಲ್ಲಿ 12 ಪಾಯಿಂಟಿನ ಅಕ್ಷರದ ಸಾಲೊಂದು 100 ಪಿಕ್ಸೆಲ್ ಎತ್ತರ, ಮೇಲಿನ ಸಾಲಲ್ಲಿ ಬಂದ ಗುಂಡಗಿನ ‘ದ’ ಕೆಳಗಿನ ಸಾಲಲ್ಲಿ ಮತ್ತೆ ಬಂದಾಗ ಪಿಎನ್‌ಜಿ ಅದನ್ನ ಪೂರ್ತಿ ಮರೆತಿರುತ್ತೆ. ವೆಬ್‌ಪಿ ಅನ್ನೋ ಗೂಗಲ್ ಫಾರ್ಮ್ಯಾಟಿನ ಲಾಸ್‌ಲೆಸ್ ವಿಧಾನ ಸುಮಾರು 10 ಲಕ್ಷ ಪಿಕ್ಸೆಲ್ ಹಿಂದಕ್ಕೆ ನೋಡುತ್ತೆ, ಇದೇ ಪುಟದಲ್ಲಿ 200 ಸಾಲಿಗಿಂತ ಹೆಚ್ಚು. ಈ ಕಾರಣ ಮಾತ್ರ ಸ್ಕ್ಯಾನ್‌ಗಿಂತ ಸ್ಕ್ರೀನ್‌ಶಾಟ್‌ಗೆ, ಡಿಟಿಪಿ ಪುಟಕ್ಕೆ ಜಾಸ್ತಿ ಹೊಂದುತ್ತೆ, ಯಾಕಂದ್ರೆ ಸ್ಕ್ಯಾನರ್ ನಾಯ್ಸ್ ಇರೋದರಿಂದ ನಿಮ್ಮ ಪುಟದ ಎರಡು ‘ದ’ ಪಿಕ್ಸೆಲ್ ಮಟ್ಟದಲ್ಲಿ ಯಾವತ್ತೂ ಒಂದೇ ಥರ ಇರಲ್ಲ.

ಕೊನೇದು, ಡಿಫ್ಲೇಟ್ ಬಳಸೋ ಹಫ್‌ಮನ್ ಕೋಡ್‌ಗೆ (ಹೆಚ್ಚು ಸಲ ಬರೋ ಚಿಹ್ನೆಗೆ ಚಿಕ್ಕ ಕೋಡ್ ಕೊಡೋ ವಿಧಾನ) ಒಂದು ಚಿಹ್ನೆಗೆ ಒಂದು ಬಿಟ್‌ಗಿಂತ ಕಮ್ಮಿ ಕೊಡಕ್ಕೆ ಬರಲ್ಲ, ಎಷ್ಟೇ ಸುಲಭವಾಗಿ ಊಹಿಸೋ ಹಾಗಿದ್ರೂ. ಪೋಲೆಂಡಿನ ಯಾರೋಸ್ವಾಫ್ ದೂದಾ ಕಂಡುಹಿಡಿದ ಎಎನ್‌ಎಸ್ ಅನ್ನೋ ವಿಧಾನ ಬಿಟ್ಟಿನ ಭಾಗಗಳಲ್ಲೂ ಲೆಕ್ಕ ಹಾಕುತ್ತೆ, ಜೆಪೆಗ್ ಎಕ್ಸ್‌ಎಲ್ ಒಳಗಿರೋದು ಅದೇ.

ಆಕ್ಸಿಪಿಎನ್‌ಜಿ, ಝಾಪ್‌ಫ್ಲಿ ಥರದ ಟೂಲ್‌ಗಳು ಪಿಎನ್‌ಜಿನ ಇನ್ನೂ ಹಿಂಡ್ತಾವೆ, ಪಿಕ್ಸೆಲ್ ಹಾಳಾಗಲ್ಲ, ಪಿಎನ್‌ಜಿ ಆಗೇ ಇರುತ್ತೆ, ಧಾರಾಳವಾಗಿ ಬಳಸಿ. ಆದ್ರೆ ಸಿಗೋ ಲಾಭ ಅಷ್ಟಕ್ಕಷ್ಟೇ, ಮೇಲೆ ಹೇಳಿದ ನಾಲ್ಕು ಗೋಡೆ ಒಳಗೇ ಅವು ಓಡಾಡ್ಬೇಕು. ಪಿಎನ್‌ಜಿಕ್ವಾಂಟ್ ಅನ್ನೋದು ಮಾತ್ರ ಬೇಡ, ಅದು ಬಣ್ಣಗಳನ್ನ 256ಕ್ಕೆ ಇಳಿಸುತ್ತೆ, ಫೈಲ್ ಹೆಸರು ಪಿಎನ್‌ಜಿ ಅಂತಲೇ ಇರುತ್ತೆ, ಚಿತ್ರ ಮಾತ್ರ ಮೂಲದ್ದಲ್ಲ.

ಈಗ ಬದಲಿಗಳು. ವೆಬ್‌ಪಿ 2010ರಲ್ಲಿ ಗೂಗಲ್ ತಂದಿದ್ದು, ಲಾಸ್‌ಲೆಸ್ ಆಮೇಲೆ ಸೇರಿದ್ದು, ಪಿಎನ್‌ಜಿಗಿಂತ ಶೇ 26ರಷ್ಟು ಚಿಕ್ಕದು ಅಂತ ಗೂಗಲ್ ಹೇಳುತ್ತೆ. ಚಿತ್ರವನ್ನ ಚೌಕ ಚೌಕವಾಗಿ ಒಡೆದು ಒಂದೊಂದಕ್ಕೂ 14 ಬಗೆಯ ಊಹೆಯಲ್ಲಿ ಒಂದನ್ನ ಆರಿಸುತ್ತೆ, ಬಣ್ಣದ ಕಳೆಯೋ ಲೆಕ್ಕ ಮಾಡುತ್ತೆ, 2020ರಲ್ಲಿ ಸಫಾರಿಯೂ ಒಪ್ಪಿಕೊಂಡ ಮೇಲೆ ಎಲ್ಲಾ ಬ್ರೌಸರಲ್ಲೂ ತೆರೆಯುತ್ತೆ. ವೆಬ್‌ಸೈಟಿಗೆ ಹಾಕೋ ಸ್ಕ್ರೀನ್‌ಶಾಟ್, ಲೋಗೋ, ಚಾರ್ಟ್‌ಗೆ ನಾನು ಕಣ್ಮುಚ್ಚಿ ಇದನ್ನೇ ಹೇಳ್ತೀನಿ. ನಿಮ್ಮ ಮೂಲಪ್ರತಿಗೆ ಮಾತ್ರ ಬೇಡ, ಅದಕ್ಕೆ ಎರಡು ಗಟ್ಟಿ ಕಾರಣ ಇವೆ. ಒಂದು ಬದಿ 16,383 ಪಿಕ್ಸೆಲ್ ದಾಟೋ ಹಾಗಿಲ್ಲ, ನಿಮ್ಮ ಗ್ರಾಮನಕ್ಷೆ ಎ1 ಅಳತೆಯದ್ದಾದ್ರೆ 600 ಡಿಪಿಐನಲ್ಲಿ ಉದ್ದದ ಬದಿ 19,866 ಪಿಕ್ಸೆಲ್, ಒಳಗೇ ಹೋಗಲ್ಲ. ಮತ್ತೆ ಅದು 8 ಬಿಟ್ ಮಾತ್ರ, 16 ಬಿಟ್ ಪಿಎನ್‌ಜಿ ಕೊಟ್ರೆ ಕನ್ವರ್ಟರ್ ಅದನ್ನ ಸುಮ್ಮನೆ 8ಕ್ಕೆ ಕತ್ತರಿಸುತ್ತೆ, ಲಾಸ್‌ಲೆಸ್ ಅಂತ ಆರಿಸಿದ್ರೂ ಕೂಡ.

ಎವಿಐಎಫ್ ಅನ್ನೋ ಫಾರ್ಮ್ಯಾಟ್, ಫೋಟೋಗಳನ್ನ ಲಾಸಿಯಾಗಿ ತುಂಬಾ ಚಿಕ್ಕದು ಮಾಡಕ್ಕೆ ಅದ್ಭುತ, ಲಾಸ್‌ಲೆಸ್ ಅದರ ಕೆಲಸ ಅಲ್ಲ, ಎಷ್ಟೋ ಸಲ ಪಿಎನ್‌ಜಿಗಿಂತ ದೊಡ್ಡ ಫೈಲ್ ಬರುತ್ತೆ. ಕ್ಯೂಓಐ ಅಂತ 2021ರಲ್ಲಿ ಬಂದಿದ್ದು ಬರೆಯೋದು ಓದೋದು ಬಹಳ ವೇಗ, ಆದ್ರೆ ಜಾಗದಲ್ಲಿ ಪಿಎನ್‌ಜಿ ಆಸುಪಾಸೇ. ಜೆಪೆಗ್ 2000 ಮಾತ್ರ ಗಂಭೀರವಾಗಿ ತಗೋಬೇಕಾದ್ದು, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಪತ್ರಿಕೆ ಡಿಜಿಟೈಸ್ ಯೋಜನೆಯಲ್ಲಿ ಟಿಫ್ ಜೊತೆ ಅದೂ ಇದೆ, ಸಿನಿಮಾ ಥಿಯೇಟರ್‌ಗೆ ಹೋಗೋ ಡಿಜಿಟಲ್ ಪ್ರಿಂಟಲ್ಲೂ ಅದೇ. ಆದ್ರೆ ನಿಮ್ಮಂಥ ಚಿಕ್ಕ ತಂಡಕ್ಕೆ ಫ್ರೀಯಾಗಿ ಸಿಗೋ ಒಳ್ಳೇ ಟೂಲ್‌ಗಳು ಕಮ್ಮಿ, ಕ್ರೋಮ್ ಫೈರ್‌ಫಾಕ್ಸ್ ಅದನ್ನ ಯಾವತ್ತೂ ತೆರೀಲಿಲ್ಲ, ಈಗ ಹೊಸದಾಗಿ ಅದಕ್ಕೆ ಹೋಗೋದ್ರಲ್ಲಿ ನಂಗೆ ಅರ್ಥ ಕಾಣ್ಸಲ್ಲ.

ಜೆಪೆಗ್ ಎಕ್ಸ್‌ಎಲ್ ಕಥೆ ಬೇರೆ. 2015ರಲ್ಲಿ ಯಾನ್ ಸ್ನೇಯರ್ಸ್ ಮತ್ತೆ ಪೀಟರ್ ವುಲ್ಲೆ ಮಾಡಿದ ಫ್ಲಿಫ್ ಅನ್ನೋ ಲಾಸ್‌ಲೆಸ್ ಫಾರ್ಮ್ಯಾಟಿನ ಮುಂದಿನ ಕೆಲಸ, ಗೂಗಲ್‌ನವರ ಪಿಕ್ ಅನ್ನೋ ಪ್ರಾಜೆಕ್ಟ್, ಎರಡೂ ಸೇರಿ ಆಗಿದ್ದು, ಈಗ ಐಎಸ್‌ಓ 18181 ಅನ್ನೋ ಸ್ಟ್ಯಾಂಡರ್ಡ್. ರಾಯಲ್ಟಿ ಇಲ್ಲ, ಸೋರ್ಸ್ ಕೋಡ್ ಪೂರ್ತಿ ತೆರೆದಿದೆ. ಇದರ ಲಾಸ್‌ಲೆಸ್ ಭಾಗ ಪ್ರತಿ ಪಿಕ್ಸೆಲ್ ಹತ್ತಿರ ನಿಂತು ಸುತ್ತಮುತ್ತ ಏನಿದೆ ಅಂತ ನೋಡಿ, ಒಂದು ತೀರ್ಮಾನದ ಮರ ಹತ್ತಿಳಿದು, ಇಲ್ಲಿ ಯಾವ ಊಹೆ ಸರಿ, ಯಾವ ಕೋಡ್ ಪಟ್ಟಿ ಸರಿ ಅಂತ ಆರಿಸುತ್ತೆ, ಆ ಮರಾನೂ ಆ ಚಿತ್ರಕ್ಕೇ ಅಂತ ಬೆಳೆಸಿದ್ದು. ಮಾರ್ಜಿನ್, ಅಕ್ಷರ, ಫೋಟೋ ಮೂರಕ್ಕೂ ಅದರದರ ಲೆಕ್ಕ ಸಿಗುತ್ತೆ. ಪ್ರತಿ ಬಣ್ಣಕ್ಕೆ 32 ಬಿಟ್‌ವರೆಗೆ ಹೋಗುತ್ತೆ, ಒಂದು ಬದಿ 100 ಕೋಟಿ ಪಿಕ್ಸೆಲ್‌ವರೆಗೆ, ಸಿಎಂವೈಕೆ (ಅಚ್ಚಿನ ನಾಲ್ಕು ಬಣ್ಣ) ಕೂಡ ಇಡಬಹುದು, ಚಿತ್ರವನ್ನ ತುಂಡು ಮಾಡಿ ಪ್ರೊಸೆಸರಿನ ಎಲ್ಲಾ ಕೋರ್‌ಗೂ ಹಂಚುತ್ತೆ. ಮಾಡಿದೋರು ಹೇಳೋ ಪ್ರಕಾರ ಪಿಎನ್‌ಜಿಗಿಂತ ಸುಮಾರು ಶೇ 35 ಚಿಕ್ಕದು. ನಿಮ್ಮ ಸ್ಕ್ಯಾನಲ್ಲಿ ಅಷ್ಟು ಸಿಗದೇ ಇರಬಹುದು, ಯಾಕಂದ್ರೆ ಸ್ಕ್ಯಾನರ್ ನಾಯ್ಸ್ ಅನ್ನೋದು ಊಹಿಸಕ್ಕಾಗದ ಸಂಖ್ಯೆಗಳು, ಯಾವ ಜಾಣತನಾನೂ ಅದನ್ನ ಒತ್ತಲ್ಲ, 16 ಬಿಟ್‌ನಲ್ಲಂತೂ ಫೈಲಿನ ಬಹುಪಾಲು ಅದೇ. ಆದ್ರೆ ಈಗ ನಿಮ್ಮ ಹತ್ರ ಇರೋದು ಒತ್ತದೇ ಇರೋ ಟಿಫ್, ಅದಕ್ಕೆ ಹೋಲಿಸಿದ್ರೆ ವ್ಯತ್ಯಾಸ ತುಂಬಾ ದೊಡ್ಡದಾಗೇ ಕಾಣುತ್ತೆ.

ಹಾಗಾದ್ರೆ ಯಾಕೆ ಎಲ್ಲರೂ ಬಳಸ್ತಿಲ್ಲ ಅಂತ ಕೇಳ್ತೀರಿ, ಸರಿಯಾದ ಪ್ರಶ್ನೇನೇ. ಕ್ರೋಮ್ 2021ರಲ್ಲಿ ಪ್ರಯೋಗಕ್ಕೆ ಅಂತ ಸೇರಿಸಿ, 2022ರ ಅಕ್ಟೋಬರ್‌ನಲ್ಲಿ ತೆಗೀತೀವಿ ಅಂತ ಹೇಳಿ ತೆಗೆದೇಬಿಡ್ತು. ಆಪಲ್ 2023ರ ಸಫಾರಿ 17ರಲ್ಲಿ ಸೇರಿಸ್ತು, ಅಡೋಬಿ ಅದೇ ವರ್ಷ ಡಿಎನ್‌ಜಿ ಅನ್ನೋ ಕ್ಯಾಮೆರಾ ರಾ ಫಾರ್ಮ್ಯಾಟ್ ಒಳಗೆ ಸೇರಿಸ್ತು, 2024ರ ಐಫೋನ್ 16 ಪ್ರೊದಲ್ಲಿ ಪ್ರೊರಾ (ಆಪಲ್‌ನ ರಾ) ಫೋಟೋಗಳನ್ನ ಇದರಲ್ಲೇ ಇಡಬಹುದು. ಕೊನೆಗೆ 2025ರ ನವೆಂಬರ್‌ನಲ್ಲಿ ಕ್ರೋಮ್ ತಂಡದವರೂ, ಮೆಮೊರಿ ವಿಚಾರದಲ್ಲಿ ಸುರಕ್ಷಿತವಾದ ಡಿಕೋಡರ್ (ಫೈಲ್ ಬಿಚ್ಚಿ ಓದೋ ಕೋಡ್) ಸಿಕ್ಕಿದ್ರೆ ಸೇರಿಸಿಕೊಳ್ತೀವಿ ಅಂದ್ರು. ಈ ಷರತ್ತು ಹಾಕಿದ್ದು ಸುಮ್ನೆ ಅಲ್ಲ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿಯ ಲೈಬ್ರರಿಯಲ್ಲಿ (ಎಲ್ಲಾ ಸಾಫ್ಟ್‌ವೇರೂ ಬಳಸೋ ಕೋಡ್), ಅದೂ ಅದರ ಲಾಸ್‌ಲೆಸ್ ಭಾಗದ ಹಫ್‌ಮನ್ ಪಟ್ಟಿ ಕಟ್ಟೋ ಕೋಡಲ್ಲಿ ಒಂದು ತೂತು ಸಿಕ್ತು, ಒಂದು ಚಿತ್ರ ತೆರೆದ್ರೆ ಸಾಕು ದಾಳಿ ಮಾಡೋ ಹಾಗಿತ್ತು, ಪ್ರಪಂಚದ ಬ್ರೌಸರ್‌ಗಳೆಲ್ಲಾ ಓಡಿ ಓಡಿ ಅಪ್‌ಡೇಟ್ ಕೊಟ್ಟವು. ಹೊಸ ಡಿಕೋಡರ್ ಸೇರಿಸೋದು ಅಂದ್ರೆ ಹೊಸ ಬಾಗಿಲು ಇಟ್ಟ ಹಾಗೇನೇ, ಅದಕ್ಕೆ ಈಗ ಮೆಮೊರಿ ತಪ್ಪು ತಡೆಯೋ ರಸ್ಟ್ ಭಾಷೆಯಲ್ಲಿ ಬರೀತಿದಾರೆ. ಈ ಎಚ್ಚರಿಕೆ ಸರಿ ಅಂತ ನನ್ನ ಅಭಿಪ್ರಾಯ, ತಡ ಆಯ್ತು ಅನ್ನೋ ಬೇಜಾರಿದ್ರೂ. ನಿಮಗೆ ಇದರಿಂದ ತೊಂದರೆ ಇಲ್ಲ, ನಿಮ್ಮ ಸ್ಕ್ಯಾನ್ ನೀವೇ ಮಾಡಿದ್ದು, ಜಿಂಪ್ 3, ಕ್ರಿಟಾ, ಇಮೇಜ್‌ಮ್ಯಾಜಿಕ್ ಅನ್ನೋ ಉಚಿತ ಚಿತ್ರ ಸಾಫ್ಟ್‌ವೇರ್ ಎಲ್ಲದರಲ್ಲೂ ತೆರೆಯುತ್ತೆ, ಮ್ಯಾಕ್‌ನಲ್ಲಿ ಹಾಗೇ ತೆರೆಯುತ್ತೆ, ವಿಂಡೋಸ್ 11ರ ಹೊಸ ಆವೃತ್ತಿಗೆ ಸ್ಟೋರಿಂದ ಒಂದು ಎಕ್ಸ್‌ಟೆನ್ಶನ್ ಹಾಕ್ಕೊಂಡ್ರೆ ಸಾಕು.

ಇನ್ನು ಮಾಡೋದು ಹೇಗೆ. ಎಲ್ಲಕ್ಕಿಂತ ಮುಖ್ಯವಾದ ಮಾತು ಇದು, ದಯವಿಟ್ಟು ತಂಡದ ಎಲ್ಲರಿಗೂ ಹೇಳಿ: ಜೆಪೆಗ್ ಎಕ್ಸ್‌ಎಲ್ ಮಾಡಿಕೊಡೋ ಸಿಜೆಎಕ್ಸ್‌ಎಲ್ (cjxl) ಅನ್ನೋ ಕಮಾಂಡಿಗೆ ಪಿಎನ್‌ಜಿ ಕೊಟ್ಟು ಬೇರೇನೂ ಹೇಳದೇ ಇದ್ರೆ ಅದು ಲಾಸಿಯಾಗೇ ಮಾಡುತ್ತೆ. ಡಿಸ್ಟೆನ್ಸ್ (ಮೂಲಕ್ಕಿಂತ ಎಷ್ಟು ಬೇರೆ ಆಗಬಹುದು ಅನ್ನೋ ಅಳತೆ) 1 ಅನ್ನೋದು ಅದರ ಮಾಮೂಲಿ ಸೆಟ್ಟಿಂಗ್, ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ, ಫೈಲ್ ಆಶ್ಚರ್ಯ ಆಗೋಷ್ಟು ಚಿಕ್ಕದಾಗುತ್ತೆ, ಖುಷಿಯಲ್ಲಿ ಮೂಲ ಅಳಿಸಿಬಿಟ್ರೆ ಮುಗೀತು. ಡಿಸ್ಟೆನ್ಸ್ 0 ಅಂತ ಕೊಡಲೇಬೇಕು, ಆಗ ಮಾತ್ರ ಲಾಸ್‌ಲೆಸ್. ಎಫರ್ಟ್ ಅನ್ನೋದು ಎಷ್ಟು ಹೊತ್ತು ಯೋಚನೆ ಮಾಡ್ಬೇಕು ಅಂತ ಅಷ್ಟೇ, ಮಾಮೂಲಿ 7 ಇರುತ್ತೆ, ಅದೇ ಇರಲಿ, 9ಕ್ಕೆ ಏರಿಸಿದ್ರೆ ನಿಮ್ಮ ಗಾತ್ರದ ಪುಟಕ್ಕೆ ಸಿಕ್ಕಾಪಟ್ಟೆ ಸಮಯ, ರಾಮ್ ಎರಡೂ ತಿಂದು ಸ್ವಲ್ಪವೇ ಉಳಿಸುತ್ತೆ. ಈ ಟೂಲ್ ಟಿಫ್ ನೇರವಾಗಿ ಓದಲ್ಲ, ಹಾಗಾಗಿ ಇಮೇಜ್‌ಮ್ಯಾಜಿಕ್‌ನಲ್ಲಿ ಮೊದ್ಲು ತಾತ್ಕಾಲಿಕ ಪಿಎನ್‌ಜಿ ಮಾಡಿ, ಅದನ್ನ ಕೊಡಿ. ಒಂದೇ ಟಿಫ್‌ನಲ್ಲಿ ಹಲವು ಪುಟ ಇದ್ರೆ ಹಲವು ಪಿಎನ್‌ಜಿ ಬರ್ತಾವೆ, ಕ್ರಮಸಂಖ್ಯೆ ಸರಿ ಇದೆಯಾ ನೋಡ್ಕೊಳ್ಳಿ.

ಆಮೇಲೆ ಪರೀಕ್ಷೆ. ಡಿಜೆಎಕ್ಸ್‌ಎಲ್ ಕಮಾಂಡಿಂದ ವಾಪಸ್ ಪಿಎನ್‌ಜಿ ಮಾಡಿ, ಮೂಲ ಟಿಫ್‌ಗೂ ಈ ಪಿಎನ್‌ಜಿಗೂ ಇಮೇಜ್‌ಮ್ಯಾಜಿಕ್‌ನ ಐಡೆಂಟಿಫೈ ಕಮಾಂಡಲ್ಲಿ ಸಿಗ್ನೇಚರ್ ತೆಗೀರಿ. ಅದು ಫೈಲಿನದ್ದಲ್ಲ, ಒಳಗಿನ ಪಿಕ್ಸೆಲ್‌ಗಳ ಹ್ಯಾಶ್, ಅಂದ್ರೆ ಬೆರಳಚ್ಚಿನಂಥ ಒಂದು ಸಂಖ್ಯೆ. ಎರಡೂ ಒಂದೇ ಆದ್ರೆ ಒಂದು ಪಿಕ್ಸೆಲ್ಲೂ ಬದಲಾಗಿಲ್ಲ ಅಂತ ಅರ್ಥ, ಬೇರೆ ಆದ್ರೆ ಆ ಫೈಲ್ ಪಕ್ಕಕ್ಕಿಟ್ಟು ಕಾರಣ ಹುಡುಕಿ. ಫೈಲಿನ ಹ್ಯಾಶ್ ಹೋಲಿಸಿದ್ರೆ ಯಾವಾಗ್ಲೂ ಬೇರೇನೇ ಬರುತ್ತೆ, ಅದಕ್ಕೆ ಗಾಬರಿ ಬೇಡ. ಇದೆಲ್ಲಾ ಒಂದು ಚಿಕ್ಕ ಸ್ಕ್ರಿಪ್ಟಲ್ಲಿ ಬರೆದು ರಾತ್ರಿ ಓಡಿಸಕ್ಕೆ ಬಿಡಬಹುದು, ಕಂಪ್ಯೂಟರ್ ಸೈನ್ಸ್ ಓದ್ತಿರೋ ಹುಡುಗ ಹುಡುಗಿ ಯಾರಾದ್ರೂ ಇದ್ರೆ ಬರೆದುಕೊಡ್ತಾರೆ. ಡಿಪಿಐ, ಸ್ಕ್ಯಾನ್ ತಾರೀಕು, ಕಲರ್ ಪ್ರೊಫೈಲ್ ಉಳಿದಿದೆಯಾ ಅಂತ ಕೆಲವು ಫೈಲ್ ತೆರೆದು ನೋಡಿ, ಪಿಕ್ಸೆಲ್ ಸರಿ ಇದ್ದೂ ಈ ಮಾಹಿತಿ ದಾರಿಯಲ್ಲಿ ಬಿದ್ದುಹೋಗೋದು ಉಂಟು, ಪತ್ರಿಕೆ ಹೆಸರು ಸಂಚಿಕೆ ತಾರೀಕನ್ನ ಹೇಗಿದ್ರೂ ಬೇರೆ ಸ್ಪ್ರೆಡ್‌ಶೀಟಲ್ಲಿ ಇಡೋದೇ ವಾಸಿ.

ಪಿಎನ್‌ಜಿ ಪರ ವಾದ ಮಾಡ್ತಿರೋ ನಿಮ್ಮ ಸ್ನೇಹಿತರು ಹೇಳೋದ್ರಲ್ಲಿ ಒಂದು ನಿಜ ಇದೆ, ಅದನ್ನ ತಳ್ಳಿಹಾಕ್ಬೇಡಿ. ಪಿಎನ್‌ಜಿಯ ಪ್ರತಿ ತುಂಡಲ್ಲೂ ಚೆಕ್‌ಸಮ್ ಇದೆ, ಡಿಸ್ಕ್ ಕೆಟ್ಟು ಒಂದು ಬಿಟ್ ತಿರುಗಿದ್ರೂ ತೆರೆಯೋವಾಗ ಗೊತ್ತಾಗುತ್ತೆ. ಜೆಪೆಗ್ ಎಕ್ಸ್‌ಎಲ್‌ನಲ್ಲಿ ಅಂಥ ವ್ಯವಸ್ಥೆ ಇಲ್ಲ. ಒತ್ತದ ಟಿಫ್‌ನಲ್ಲಿ ಒಂದು ಬೈಟ್ ಕೆಟ್ರೆ ಒಂದು ಪಿಕ್ಸೆಲ್ ಕೆಡುತ್ತೆ, ಚೆನ್ನಾಗಿ ಒತ್ತಿದ ಫೈಲಲ್ಲಿ ಒಂದು ದೊಡ್ಡ ತುಂಡೇ ಹೋಗಬಹುದು. ಇದಕ್ಕೆ ಉತ್ತರ ಒತ್ತದೇ ಇಡೋದಲ್ಲ, ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಶ್ ಪಟ್ಟಿ ಮಾಡಿ ಜೊತೆಗೇ ಇಡೋದು, ಆರು ತಿಂಗಳಿಗೊಮ್ಮೆ ತಾಳೆ ನೋಡೋದು, ಉಳಿದ ಜಾಗದಲ್ಲಿ ಎರಡನೇ ಪ್ರತಿ ಇನ್ನೊಂದು ಡಿಸ್ಕಲ್ಲಿ, ಇನ್ನೊಬ್ಬರ ಮನೇಲಿ ಇಡೋದು. ಒಂದೇ ಡಿಸ್ಕಲ್ಲಿ ಟಿಫ್ ಇಟ್ಕೊಂಡಿರೋದಕ್ಕಿಂತ ಎರಡು ಡಿಸ್ಕಲ್ಲಿ ಜೆಪೆಗ್ ಎಕ್ಸ್‌ಎಲ್ ಎಷ್ಟೋ ಪಾಲು ಭದ್ರ.

ಈಗ ಆ ಜೆಪಿಜಿಗಳು. ಹಳೇ ಸ್ಕ್ಯಾನಲ್ಲಿ ‘ರಾಷ್ಟ್ರ’ ಅನ್ನೋ ಪದವನ್ನ ಝೂಮ್ ಮಾಡಿ ನೋಡಿ, ಒತ್ತಕ್ಷರದ ಸುತ್ತ ಬೂದಿ ಬಣ್ಣದ ಕಸ ಕಾಣುತ್ತೆ, 8 ಪಿಕ್ಸೆಲ್ ಚೌಕದ ಗೆರೆನೂ ಕಾಣಬಹುದು. ಅದು ಸ್ಕ್ಯಾನ್ ಮಾಡಿದ ದಿನವೇ ಆದ ನಷ್ಟ, ಪಿಎನ್‌ಜಿ ಮಾಡಿದ್ರೆ ಆ ಕಸವನ್ನೇ ಅಚ್ಚುಕಟ್ಟಾಗಿ, ಹಲವು ಪಟ್ಟು ದೊಡ್ಡ ಫೈಲಲ್ಲಿ ಕಾಪಾಡಿದ ಹಾಗಾಗುತ್ತೆ. ಜೆಪೆಗ್ ಎಕ್ಸ್‌ಎಲ್‌ಗೆ ಇಲ್ಲಿ, ಮೇಲೆ ಹೇಳಿದ ಬೇರೆ ಯಾವ ಫಾರ್ಮ್ಯಾಟಿಗೂ ಇಲ್ಲದ ಒಂದು ಗುಣ ಇದೆ: ಜೆಪಿಜಿ ಫೈಲನ್ನ ನೇರವಾಗಿ ಕೊಟ್ರೆ ಪಿಕ್ಸೆಲ್ ಬಿಚ್ಚದೇ ಒಳಗಿನ ಲೆಕ್ಕವನ್ನೇ ಮರುಜೋಡಿಸಿ ಸುಮಾರು ಶೇ 20 ಚಿಕ್ಕದು ಮಾಡುತ್ತೆ, ಬೇಕಾದಾಗ ಅದೇ ಜೆಪಿಜಿ ಬೈಟ್‌ಗೆ ಬೈಟ್ ವಾಪಸ್ ಬರುತ್ತೆ. ಜೆಪಿಜಿ ಕೊಟ್ಟಾಗ ಅದರ ಮಾಮೂಲಿ ಸೆಟ್ಟಿಂಗೇ ಇದು. ವಾಪಸ್ ಬಂದ ಫೈಲಿನ ಹ್ಯಾಶ್ ಮೂಲದ ಜೊತೆ ತಾಳೆ ನೋಡ್ಕೊಳ್ಳಿ, ಇಲ್ಲಿ ಫೈಲ್ ಹ್ಯಾಶೇ ಹೊಂದಬೇಕು. ಆ ಸಂಚಿಕೆಗಳು ಇನ್ನೂ ಕೈಗೆ ಸಿಗೋ ಹಾಗಿದ್ರೆ ಮಾತ್ರ ಮತ್ತೆ ಸ್ಕ್ಯಾನ್ ಮಾಡೋದೇ ಸರಿ.

ಫಾರ್ಮ್ಯಾಟಿಗಿಂತ ಹೆಚ್ಚು ಜಾಗ ಉಳಿಸೋದು ಇನ್ನೊಂದಿದೆ, ಸ್ಕ್ಯಾನ್ ಸೆಟ್ಟಿಂಗ್. ಕಪ್ಪು ಶಾಯಿಯಲ್ಲಿ ಮಾತ್ರ ಅಚ್ಚಾದ ಪುಟವನ್ನ 8 ಬಿಟ್ ಗ್ರೇಸ್ಕೇಲಲ್ಲಿ ಮಾಡಿದ್ರೆ 104 ಎಂಬಿ ಅಲ್ಲೇ 35ಕ್ಕೆ ಇಳಿಯುತ್ತೆ, ಮೇಲೆ ಹೇಳಿದ ಲೈಬ್ರರಿ ಆಫ್ ಕಾಂಗ್ರೆಸ್ ಯೋಜನೇಲೂ ಪತ್ರಿಕೆಗಳಿಗೆ ಗ್ರೇಸ್ಕೇಲೇ. ಬಣ್ಣದ ಮುಖಪುಟ, ಹ್ಯಾಂಡ್‌ಬಿಲ್, ಮೊಹರು ಇರೋ ನಕ್ಷೆ, ಕೈಬರಹದ ಟಿಪ್ಪಣಿ ಇರೋ ಪುಟ ಬಣ್ಣದಲ್ಲೇ ಇರಲಿ, ನೇರಳೆ ಮಸಿ ನೀಲಿ ಮಸಿ ವ್ಯತ್ಯಾಸ ಮುಂದೆ ಯಾರಿಗೋ ಬೇಕಾಗುತ್ತೆ. 48 ಬಿಟ್ ಮಾತ್ರ ನೆಗೆಟಿವ್ ಫಿಲ್ಮ್, ತುಂಬಾ ಮಾಸಿದ ಫೋಟೋ ಬಿಟ್ಟು ಬೇರೆಲ್ಲೂ ಬೇಡ. ಪೂರ್ತಿ ಕಪ್ಪು ಬಿಳುಪು ಎರಡೇ ಬಣ್ಣಕ್ಕೆ ಇಳಿಸಿದ ಓದೋ ಪ್ರತಿಗಾದ್ರೆ ಹಳೇ ಟಿಫ್‌ನ ಗ್ರೂಪ್ 4, ಫ್ಯಾಕ್ಸ್ ಕಾಲದ್ದು, ಇವತ್ತಿಗೂ ಚೆನ್ನಾಗೇ ಕೆಲಸ ಮಾಡುತ್ತೆ, ಅದನ್ನ ಬದಲಾಯಿಸಕ್ಕೆ ಹೋಗ್ಬೇಡಿ.

ಜನಕ್ಕೆ ಕೊಡೋ ಪ್ರತಿ ಬಗ್ಗೆ ಹೆಚ್ಚು ಹೇಳೋದಿಲ್ಲ. ಕನ್ನಡ ವಿಕಿಸೋರ್ಸ್‌ಗೆ ಪಿಡಿಎಫ್ ಅಥವಾ ಡಿಜೆವಿಯು ಬೇಕು, ಟೆಸರಾಕ್ಟ್ ಸಾಫ್ಟ್‌ವೇರಲ್ಲಿ ಕನ್ನಡ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸಿ ತೆಗೆಯೋದು) ಮಾಡೋದಾದ್ರೆ ಅದು ಪಿಎನ್‌ಜಿ, ಟಿಫ್ ಓದುತ್ತೆ, ಜೆಪೆಗ್ ಎಕ್ಸ್‌ಎಲ್ ಓದಲ್ಲ. ಆಯಾ ಹೊತ್ತಿಗೆ ಮೂಲದಿಂದ ತಾತ್ಕಾಲಿಕ ಪಿಎನ್‌ಜಿ ತೆಗೆದು, ಕೆಲಸ ಆದ್ಮೇಲೆ ಅಳಿಸಿ. ವೆಬ್‌ಸೈಟಲ್ಲಿ ತೋರಿಸಕ್ಕೆ ವೆಬ್‌ಪಿ ಇಲ್ಲಾ ಮಾಮೂಲಿ ಜೆಪಿಜಿ ಸಾಕು, ಓದೋರ ಫೋನಲ್ಲಿ ಜೆಪೆಗ್ ಎಕ್ಸ್‌ಎಲ್ ತಾನಾಗೇ ತೆರೆಯುತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ.

ಹ್ಯಾಂಡ್‌ಬಿಲ್ ಫೋಲ್ಡರಿಂದ ಶುರು ಮಾಡಿ, ಅದು ಚಿಕ್ಕದು, ಬಣ್ಣವೂ ಇದೆ, ಎಷ್ಟು ಉಳಿಯುತ್ತೆ ಅಂತ ಒಂದು ರಾತ್ರಿಯಲ್ಲಿ ಗೊತ್ತಾಗುತ್ತೆ. ಗ್ರಾಮನಕ್ಷೆಗಳನ್ನ ಕೊನೆಗೆ ಇಟ್ಕೊಳ್ಳಿ, ಅವುಗಳ ಟಿಫನ್ನ ಎರಡನೇ ಡಿಸ್ಕಿನ ಪ್ರತಿಯೂ ತಾಳೆ ಆಗೋವರೆಗೆ ಅಳಿಸ್ಬೇಡಿ. ಮತ್ತೆ ಎರಡೂ ಡಿಸ್ಕಲ್ಲಿ ಲಿಬ್‌ಜೆಎಕ್ಸ್‌ಎಲ್‌ನ (ಸಿಜೆಎಕ್ಸ್‌ಎಲ್, ಡಿಜೆಎಕ್ಸ್‌ಎಲ್ ಬರೋದು ಇದರಲ್ಲೇ) ಸೋರ್ಸ್ ಕೋಡ್, ಅದರ ಪಕ್ಕದಲ್ಲಿ ಯಾವ ಆವೃತ್ತಿ, ಯಾವ ಸೆಟ್ಟಿಂಗಲ್ಲಿ ಮಾಡಿದ್ವಿ ಅಂತ ಕನ್ನಡದಲ್ಲೇ ಬರೆದ ಒಂದು ಟೆಕ್ಸ್ಟ್ ಫೈಲ್ ಹಾಕಿಡಿ.